ಗಿಡ್ಡ ಮೂಲೆಯ ನಕ್ಷತ್ರ

ಹಡಗಿನಲ್ಲಿ ಊರಿಗೆ ಹೋಗುವ ಪೆಟ್ಟಿಗೆಗೆ ತೂಕದ ಲೆಕ್ಕವಿಲ್ಲ, ಗಾತ್ರಕ್ಕಷ್ಟೇ ದುಡ್ಡು. ಕಲ್ಲು ತುಂಬಿದರೂ ಅದೇ ದರ, ಹತ್ತಿ ತುಂಬಿದರೂ ಅದೇ ದರ. ಅದಕ್ಕೇ ಕತಾರಿನ ಫಿಲಿಪಿನೊ ಜನ ಹೊಸ ಶೂಗಳ ಒಳಗೂ ಸಾಬೂನು ತುರುಕುತ್ತಾರೆ. ಗಾಳಿಗೆ ಬಾಡಿಗೆ ಕೊಡುವ ಪೆದ್ದರು ಅವರಲ್ಲಿಲ್ಲ.

ಆದರೆ ಅಲ್ಲಿನ ಅಲ್ ಮನ್ಸೂರಾ ಬಡಾವಣೆಯ ಬ್ಯೂಟಿ ಪಾರ್ಲರಿನಲ್ಲಿ ದುಡಿಯುವ ಅಗಾತಾ ಈ ಸಲ ಅರ್ಧ ಪೆಟ್ಟಿಗೆಯನ್ನು ಒಂದು ನಕ್ಷತ್ರಕ್ಕೆ ಬಿಟ್ಟುಕೊಟ್ಟಿದ್ದಳು! ಖರ್ಜೂರದ ಗರಿಯ ಕಡ್ಡಿ, ಗಿರಾಕಿಗಳು ಈದಿಗೆ ಕೊಟ್ಟ ಚಾಕೊಲೇಟುಗಳ ಬಣ್ಣದ ಹಾಳೆ, ಒಂದಿಷ್ಟು ಗೋಂದು... ಶುಕ್ರವಾರದ ರಜೆಗಳೆಲ್ಲ ಅದಕ್ಕೇ ಹೋಗಿದ್ದವು.

“ಎಂತ ಮಾರಾಯ್ತಿ ಇದು?” ಕೋಣೆಯ ಗೆಳತಿ, ಉಡುಪಿಯ ಲೀಲಾಕ್ಷಿ ನಕ್ಕಳು. “ಆ ಜಾಗದಲ್ಲಿ ಹಾಲಿನ ಪುಡಿ ಡಬ್ಬಿ ಎಷ್ಟು ಹಿಡೀತಿತ್ತು! ನಿನ್ನ ಅತ್ತೆ ಸುಮ್ಮನೆ ಬಿಡ್ತಾರಾ?”

“ಗಂಡ ಇದ್ದಾಗ ಪ್ರತಿ ಕ್ರಿಸ್‌ಮಸ್‌ಗೂ ಅವನೇ ಕಟ್ತಿದ್ದ ಲೀಲಾ. ನಾನು ಕಡ್ಡಿ ಹಿಡ್ಕೊಂಡು ನಿಲ್ತಿದ್ದೆ. ಅವನು ಹೋದಮೇಲೆ ಆ ಮನೆ ಕಿಟಕಿ ಕತ್ತಲೆ. ಮಗಳು ಅಪ್ಪನ ನಕ್ಷತ್ರ ನೋಡಿಯೇ ಇಲ್ಲ...”

ಅತ್ತೆ ಮಟಿಲ್ಡಾ ಬಿಡಲಿಲ್ಲ. ಫಿಲಿಪೀನ್ಸಿನ ಊರು ಇಲೊಯ್ಲೊದಲ್ಲಿ ಪೆಟ್ಟಿಗೆ ಬಿಚ್ಚಿದ ಕೂಡಲೇ ಫೋನಿನ ತುಂಬ ಅವರ ಕೆಂಡದಂಥ ಮುಖ.

“ನೆರೆಯವರ ಎದುರೇ ಬಿಚ್ಚಿದೆ. ಒಳಗೇನು? ಚಾಕೊಲೇಟಿನ ಸಿಪ್ಪೆ! ಮಗನನ್ನು ಕಳ್ಕೊಂಡೆ, ಸೊಸೆ ಮಗುವನ್ನು ನನ್ನ ಮಡಿಲಿಗೆ ಹಾಕಿ ಹೋದಳು... ಈಗ ಕಸ ಕಳಿಸ್ತಾಳೆ!”

ಅಗಾತಾಳ ತಲೆ ತಗ್ಗಲಿಲ್ಲ.

“ಬಯ್ಯಿರಿ ಅಮ್ಮಾ. ಒಂದು ಸಲ ಒಳಗೆ ಬಲ್ಬು ಇಟ್ಟು ಕಿಟಕಿಗೆ ತೂಗುಹಾಕಿ. ಆಮೇಲೆ ಬೇಕಾದರೆ ಒಲೆಗೆ ಹಾಕಿ.”

ಮೊಮ್ಮಗಳು ಲಿಗಾಯಾ ಆಗಲೇ ಸ್ಟೂಲು ಎಳೆದು ತಂದಿದ್ದಳು. ಮಟಿಲ್ಡಾ ಗೊಣಗುತ್ತಲೇ ತೂಗುಹಾಕಿದರು. ಬಲ್ಬು ಹತ್ತಿದ್ದೇ ಕೆಂಪು, ಹಸಿರು, ಚಿನ್ನದ ಬೆಳಕು ಗೋಡೆಯ ತುಂಬ ಚೆಲ್ಲಿತು. ನಕ್ಷತ್ರವನ್ನು ಸರಿಪಡಿಸಲು ಹೋದ ಮುದುಕಿಯ ಕೈ ಒಂದು ಮೂಲೆಯಲ್ಲಿ ನಿಂತುಬಿಟ್ಟಿತು. ಆ ಮೂಲೆ ಉಳಿದವಕ್ಕಿಂತ ಗಿಡ್ಡ.

“ಇದು... ಇದು ಅವನ ಕೈಕೆಲಸವಲ್ಲವೇನೇ? ಎಷ್ಟು ಬೈದರೂ ಕೊನೇ ಕಡ್ಡಿ ಗಿಡ್ಡವೇ ಕತ್ತರಿಸ್ತಿದ್ದ ನನ್ನ ಮಗ!”

“ನನಗೆ ಬೇರೆ ಥರ ಕಟ್ಟೋಕೆ ಬರೋದಿಲ್ಲ ಅಮ್ಮಾ. ಕಲಿತದ್ದು ಅವನ ಹತ್ತಿರವೇ...”

ಮಟಿಲ್ಡಾ ಆ ಗಿಡ್ಡ ಮೂಲೆಗೆ ಕೆನ್ನೆ ಒತ್ತಿ ಬಿಕ್ಕಿದರು. ಅಷ್ಟರಲ್ಲಿ ಬೀದಿಯಿಂದ ಯಾರೋ ಕೂಗಿ ಕೇಳಿದರು: “ಎಷ್ಟು ಚೆಂದ ಇದೆ! ಯಾರು ಕಟ್ಟಿದ್ದು?”

ಮುದುಕಿ ಕಣ್ಣೊರೆಸಿಕೊಂಡು, ಇಡೀ ಬೀದಿಗೆ ಕೇಳುವಂತೆ ಹೇಳಿದರು: “ನನ್ನ ಮಗಳು! ಕತಾರಿನಲ್ಲಿದ್ದಾಳೆ!”

ಅಗಾತಾ ಕಳೆದುಕೊಂಡದ್ದು ಅರ್ಧ ಪೆಟ್ಟಿಗೆ ಹಾಲಿನ ಪುಡಿ. ಆ ಮನೆಯ ಕಿಟಕಿಗೆ ಬೆಳಕು ಬಂತು, ಸೊಸೆಯಾಗಿದ್ದವಳು ಮಗಳಾದಳು.