ಟಾರ್ಪಿ ಹೋಟೆಲಿನ ಮೆಟ್ಟಿಲು

ಬಾಗಿಲು ತೆರೆದ ಡಿಂಪ್ನಾ ಟಾರ್ಪಿಯ ಕೈ ಚಿಲಕದ ಮೇಲೆಯೇ ನಿಂತುಬಿಟ್ಟಿತು.

ಹೊರಗೆ ಫಿಂಟನ್ ಗಿಲ್ರಾಯ್! ಹೆಗಲಲ್ಲಿ ಗರಗಸದ ಚೀಲ, ಕೈಯಲ್ಲಿ ಹಾರೆ. ಹತ್ತೊಂಬತ್ತು ವರ್ಷಗಳಿಂದ ಇದೇ ಕಿಲ್‌ಡರ್ವಿಯ ಬೀದಿಯಲ್ಲಿ ಎದುರಾದಾಗಲೆಲ್ಲ ಅವಳು ಮುಖ ತಿರುಗಿಸಿಕೊಂಡು ಹೋಗಿದ್ದಳಲ್ಲ... ಅದೇ ಫಿಂಟನ್.

"ಮೆಟ್ಟಿಲು ಬಿಚ್ಚೋಕೆ ಕಳಿಸಿದಾರೆ," ಎಂದ ಅವನು, ನೆಲ ನೋಡುತ್ತ. "ನೀವು ಹೊರಟಿರ್ತೀರ ಅಂದ್ಕೊಂಡಿದ್ದೆ."

"ಬಸ್ಸು ಹನ್ನೆರಡಕ್ಕೆ. ಅಲ್ಲಿವರೆಗೂ ಇದು ನಮ್ಮನೆ."

'ಇವನೇ ಬರಬೇಕಿತ್ತಾ? ಇವತ್ತೇ?'

ಅವಳ ಅಜ್ಜ ಹೊಲ ಮಾರಿ ಕೊಂಡ ಹೋಟೆಲು ಅದು. ಹದಿನಾಲ್ಕು ಕೋಣೆ. ದನದ ಸಂತೆಗೆ ಬಂದ ದಲ್ಲಾಳಿಗಳು ಆಗ ಒಂದೊಂದು ಮಂಚಕ್ಕೆ ಇಬ್ಬಿಬ್ಬರು ಮಲಗುತ್ತಿದ್ದರು. ಅಪ್ಪ ಹಿಂದುಗಡೆ ನೃತ್ಯದ ಹಾಲ್ ಕಟ್ಟಿಸಿದ. ಊರಿನ ಅರ್ಧ ಜೋಡಿಗಳು ಅಲ್ಲೇ ಭೇಟಿಯಾಗಿ, ಅಲ್ಲೇ ಮದುವೆಯೂಟ ಹಾಕಿಸಿದವರು. ಹೊಸ ಹೆದ್ದಾರಿ ಊರನ್ನು ಬಳಸಿಕೊಂಡು ಹೋದ ಮೇಲೆ ರಾತ್ರಿ ತಂಗುವವರು ನಿಂತರು. ಕೊನೆಗೆ ಉಳಿದದ್ದು ಶವಸಂಸ್ಕಾರ ಮುಗಿಸಿ ಬಂದವರ ಸೂಪು, ಸ್ಯಾಂಡ್‌ವಿಚ್ಚು ಮಾತ್ರ. ಆರು ವರ್ಷದ ಹಿಂದೆ ಅದೂ ಮುಗಿಯಿತು. ಈಗ ಹೋಟೆಲು ಮಾರಿಯಾಗಿತ್ತು; ಇನ್ನು ಇಲ್ಲಿ ಫ್ಲ್ಯಾಟುಗಳು. ಅವಳಿಗೆ ಕಡಲಾಚೆ ಲೀಡ್ಸ್‌ನಲ್ಲಿ ತಂಗಿಯ ಮನೆ, ಸೋಮವಾರದಿಂದ ಅಲ್ಲಿನ ವೃದ್ಧಾಶ್ರಮದಲ್ಲಿ ಕೆಲಸ.

ಫಿಂಟನ್ ಕೈಗಂಬಿಯ ಮೊಳೆಗಳನ್ನು ಒಂದೊಂದಾಗಿ ಎಬ್ಬಿಸತೊಡಗಿದ. ಅವಳು ಸೂಟ್‌ಕೇಸಿನ ಮೇಲೆ ಕುಳಿತು ನೋಡುತ್ತಿದ್ದಳು. ನೋಡಬಾರದು ಎಂದುಕೊಳ್ಳುತ್ತಲೇ ನೋಡುತ್ತಿದ್ದಳು. ಎಷ್ಟು ನರೆತಿದ್ದಾನೆ!

"ಇಷ್ಟು ಮೆತ್ತಗೆ ಎಬ್ಬಿಸ್ತಿದ್ರೆ ಕ್ರಿಸ್‌ಮಸ್ ಬಂದ್ಬಿಡತ್ತೆ," ಎಂದಳು, ತಡೆಯಲಾರದೆ.

"ಬರ್ಲಿ ಬಿಡಿ. ನಂಗೇನು ಬಸ್ಸಿದೆಯಾ?"

ನಗು ಬಂದೇಬಿಟ್ಟಿತು. ಅದರ ಹಿಂದೆಯೇ ಸಿಟ್ಟು. ಈಗ ಕೇಳದಿದ್ದರೆ ಇನ್ನೆಂದೂ ಕೇಳಲಾರೆ... ಬಸ್ಸಿಗೆ ಇನ್ನು ಒಂದೇ ಗಂಟೆ.

"ಯಾಕೆ ಬರ್ಲಿಲ್ಲ ನೀನು?"

ಅವನ ಹಾರೆ ನಿಂತಿತು.

"ಅಪ್ಪನ ಮಣ್ಣಿಗೆ! ಇಡೀ ಊರು ಸಾಲಲ್ಲಿ ಬಂದು ನನ್ನ ಕೈ ಹಿಡೀತು. ಅಪ್ಪನ ಮೇಲೆ ಕೇಸು ಹಾಕಿದ್ದವನೂ ಬಂದ. ನಾನು ಪ್ರತಿ ಸಲ ತಲೆ ಎತ್ತಿ ನೋಡ್ದೆ, ಮುಂದಿನವನು ಫಿಂಟನ್ ಇರ್ತಾನೆ ಅಂತ... ಹಿಂದಿನ ವಾರ ತಾನೇ ನನ್ನ ಮದುವೆ ಆಗ್ತೀಯಾ ಅಂತ ಕೇಳಿದ್ದೆ ನೀನು!"

ಫಿಂಟನ್ ನಿಧಾನವಾಗಿ ಕೆಳಗಿನ ಮೆಟ್ಟಿಲ ಮೇಲೆ ಕುಳಿತ.

"ನಿಮ್ಮಪ್ಪಂಗೆ ಗುಂಡಿ ತೋಡಿದ್ದು ಯಾರು, ಡಿಂಪ್ನಾ?"

"ಯಾರೋ... ನೆರೆಯವರು. ಚಿಕ್ಕಪ್ಪ ಹೇಳಿದ್ದ."

"ನಾವು ನಾಲ್ಕು ಜನ. ನಾಲ್ಕಡಿ ಇಳಿಯೋಷ್ಟರಲ್ಲಿ ಬಂಡೆ ಸಿಕ್ತು. ಚರ್ಚಲ್ಲಿ ಪೂಜೆ ಮುಗಿದು ಗಂಟೆ ಹೊಡೆಯೋವರೆಗೂ ಒಡೀತಾನೇ ಇದ್ವಿ. ಶವ ತಂದಾಗ ಸ್ಮಶಾನದ ಗೋಡೆ ಹಿಂದೆ ನಿಂತ್ಕೊಂಡ್ವಿ. ಮೈಯೆಲ್ಲ ಕೆಸರು, ಆ ಅವತಾರದಲ್ಲಿ ಸಾಲಿಗೆ ಬರೋದು ಹೆಂಗೆ?"

ಈ ಊರಲ್ಲಿ ಗುಂಡಿ ತೋಡಿದವರು ಸತ್ತವರ ಮನೆಯವರು ಹೋಗುವ ತನಕ ಮುಂದೆ ಬರುವುದಿಲ್ಲ... ಇದು ಅವಳಿಗೆ ಹುಟ್ಟಿದಾಗಿನಿಂದ ಗೊತ್ತಿತ್ತು. ಗೋಡೆಯ ಹಿಂದೆ ನೋಡಬೇಕೆಂದು ಮಾತ್ರ ತೋಚಿರಲಿಲ್ಲ.

"ಆಮೇಲೆ? ತೋಡಿದವರಿಗೆ ಇಲ್ಲೇ ಊಟ ಹಾಕಿದ್ವಲ್ಲ?"

"ಬಂದಿದ್ದೆ, ಹಿಂದಿನ ಬಾಗಿಲಿಗೆ. ನಿಮ್ಮ ಅಸಂಪ್ಟಾ ಅತ್ತೆ ಅಡ್ಡ ನಿಂತ್ರು. 'ನಿನ್ನ ಮುಖ ನೋಡಲ್ಲ ಅಂದ್ಲು ಕಣಪ್ಪ, ಹೋಗು' ಅಂದ್ರು."

ಅಂದದ್ದು ನಿಜ! ಅಡುಗೆಮನೆಯಲ್ಲಿ ಬ್ರೆಡ್ ಕೊಯ್ಯುತ್ತ, ಅಳು ನುಂಗುತ್ತ, ಅವಳೇ ಅಂದಿದ್ದಳು.

"ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ? ಹತ್ತೊಂಬತ್ತು ವರ್ಷ!"

"ಏನಂತ ಹೇಳ್ಲಿ? ನಿಮ್ಮಪ್ಪಂಗೆ ಗುಂಡಿ ತೋಡ್ದೆ, ಅದಕ್ಕೆ ನನ್ನ ಮದುವೆ ಆಗು ಅಂತಲಾ? ಅದನ್ನ ಬಾಯಿ ಬಿಟ್ಟು ಹೇಳ್ಕೊಂಡೋರನ್ನ ಈ ಊರಲ್ಲಿ ನೋಡಿದೀಯಾ?"

ಇಲ್ಲ. ಒಬ್ಬರನ್ನೂ ನೋಡಿರಲಿಲ್ಲ.

ಅವಳು ಎದ್ದು ಬಂದು ಅವನ ಪಕ್ಕ ಕುಳಿತಳು. ಅತ್ತದ್ದು ಯಾರು ಮೊದಲು ಎಂದು ಇಬ್ಬರಿಗೂ ಗೊತ್ತಾಗಲಿಲ್ಲ.

"ಲೀಡ್ಸ್‌ಗೆ ಬಾ, ಫಿಂಟನ್."

"ಕೋಲ್ಮನ್‌ನ ಏನ್ ಮಾಡ್ಲಿ? ಲಕ್ವ ಹೊಡೆದ ಮೇಲೆ ಅಣ್ಣಂಗೆ ಚಮಚಾನೂ ಎತ್ತೋಕಾಗಲ್ಲ. ನಾನೇ ತಿನ್ನಿಸ್ಬೇಕು." ಹಾರೆಯನ್ನು ಪಕ್ಕಕ್ಕಿಟ್ಟು ಕೇಳಿದ, "ನೀನೇ ಇಲ್ಲಿ ಉಳಿಯೋಕೆ..."

"ಐವತ್ತೊಂದು ವರ್ಷ ನಂಗೆ. ಈ ಊರಲ್ಲಿ ಯಾರು ಕೆಲಸ ಕೊಡ್ತಾರೆ? ನಿನ್ನ ಒಂದು ದುಡಿಮೇಲಿ ಮೂರು ಜನ ಹೆಂಗೆ ಬದುಕೋದು?"

ಅವನು ಸುಳ್ಳು ಭರವಸೆ ಕೊಡಲಿಲ್ಲ. ಅವಳೂ ಬೇಡಲಿಲ್ಲ. ಕಿಟಕಿಯಾಚೆ ಹನ್ನೆರಡರ ಬಸ್ಸು ಬಂದು ನಿಂತಿತು, ಚಾಲಕ ಎರಡು ಸಲ ಹಾರ್ನ್ ಹೊಡೆದ. ಡಿಂಪ್ನಾ ಸೂಟ್‌ಕೇಸಿನ ಕಡೆ ನೋಡಿದಳು. ಏಳಲಿಲ್ಲ.

ಬಸ್ಸು ಹೋಯಿತು.

"ಗುರುವಾರ ಇನ್ನೊಂದಿದೆ," ಎಂದಳು ಮೆಲ್ಲಗೆ. "ಅದಕ್ಕೆ ಹೋಗ್ಲೇಬೇಕು."

"ಎರಡು ದಿನ."

"ಎರಡೇ. ಬೀಗದ ಕೈ ಈಗ ಕೊಟ್ಬಿಡ್ಬೇಕು. ಎಲ್ಲಿ ಮಲಗ್ಲಿ?"

"ನಮ್ಮ ಅಡುಗೆಮನೆಯಲ್ಲಿ ಒಲೆ ಪಕ್ಕ ಬೆಂಚಿದೆ. ಕೋಲ್ಮನ್ ಗೊರಕೆ ಹೊಡೀತಾನೆ, ಈಗ್ಲೇ ಹೇಳಿರ್ತೀನಿ."

"ಊರು ಏನನ್ನತ್ತೆ?"

"ಅನ್ಲಿ. ಹೋಟೆಲ್ ಮುಚ್ಚಿದ್ಮೇಲೆ ಪಾಪ, ಅವರಿಗೂ ಆಡ್ಕೊಳ್ಳೋಕೆ ಏನೂ ಇರ್ಲಿಲ್ಲ."

ಅವಳು ಅವನ ಭುಜಕ್ಕೆ ತಲೆಯಿಟ್ಟಳು. ಗುರುವಾರದ ನಂತರದ್ದನ್ನು ಇಬ್ಬರೂ ಎತ್ತಲಿಲ್ಲ. ಎತ್ತಲು ಏನೂ ಇರಲಿಲ್ಲ.

"ನಿನ್ನ ಪ್ರೀತಿಸ್ತೀನಿ, ಡಿಂಪ್ನಾ. ಈಗ ಹೇಳಿ ಏನೂ ಪ್ರಯೋಜನ ಇಲ್ಲ, ಗೊತ್ತು..."

"ಇಲ್ಲ," ಎಂದಳು ಅವಳು ಕಣ್ಣು ಮುಚ್ಚಿ. "ಆದ್ರೂ ಇನ್ನೊಂದ್ಸಲ ಹೇಳು."