ಮಂಗಳದ ನಂತರ ಮೂರು ಸುತ್ತು

೨೦೦೪ರ ಏಪ್ರಿಲ್‌ನಲ್ಲಿ ಹಾಸ್ಟೆಲಿನಿಂದ ರಜೆಗೆ ಬಂದಿದ್ದೆ. ಗುರುವಾಯನಕೆರೆಯ ನಮ್ಮ ಭಜನಾ ಮಂದಿರದಲ್ಲಿ ಮಧ್ಯಾಹ್ನ ಕುಣಿತ ಭಜನೆ ಇತ್ತು. ದೀಪದ ಸುತ್ತ ಕುಣಿಯಲು ವಾರಿಜಾಕ್ಷಿ ಚಿಕ್ಕಮ್ಮನೂ ಎದ್ದರು. ಅವರದು ದುರ್ಬಲ ಹೃದಯ.

“ಡಾಕ್ಟರು ಬೇಡ ಹೇಳಿದ್ದಾರಲ್ಲ ಚಿಕ್ಕಮ್ಮ?”

“ಡಾಕ್ಟರು ಕುಣಿಯುವುದು ಬೇಡ, ನಾನು ಕುಣಿತೇನೆ. ನೀನು ಪುಸ್ತಕ ಓದು ಮಾರಾಯ.”

ಅರ್ಧ ಗಂಟೆಯಲ್ಲಿ ಉಳಿದವರೆಲ್ಲ ಬೆವರಿನಲ್ಲಿ ತೊಯ್ದಿದ್ದರು. ಕಣ್ಣು ಮುಚ್ಚಿ ಕುಣಿಯುತ್ತಿದ್ದ ಚಿಕ್ಕಮ್ಮನ ಹಣೆ ಒಣಗಿತ್ತು. ಅವರ ಪಾದ ನೆಲಕ್ಕೆ ಬಿದ್ದರೂ ಸದ್ದಾಗುತ್ತಿರಲಿಲ್ಲ. ನಾನು ಹೆದರಿ, ಹಾಡುತ್ತಿದ್ದ ದೇವಿಪ್ರಸಾದಣ್ಣನಿಗೆ ಮಂಗಳ ಹಾಡಲು ಹೇಳಿದೆ. ಮಂಗಳವಾದ ಮೇಲೆ ಯಾರೂ ಕುಣಿಯುವಂತಿಲ್ಲ.

ಹಾಡು ಮುಗಿದು ಎಲ್ಲರೂ ನಿಂತರು. ಚಿಕ್ಕಮ್ಮ ನಿಲ್ಲಲಿಲ್ಲ. ಕೈ ಹಿಡಿದರೆ ಬಾವಿಯಿಂದ ಆಗಷ್ಟೇ ಎತ್ತಿದ ಕೊಡದಷ್ಟು ತಣ್ಣಗಿತ್ತು. ನನ್ನನ್ನೂ ಎಳೆದುಕೊಂಡು ಮೂರು ಸುತ್ತು ಕುಣಿದು ಕುಸಿದರು.

ಜೀಪಿನಲ್ಲಿ ಬೆಳ್ತಂಗಡಿಗೆ ಒಯ್ದೆವು. ಡಾಕ್ಟರು ಅವರ ಎದೆಗೆ ಸ್ಟೆತಸ್ಕೋಪ್ ಇಟ್ಟವರು, ಅದನ್ನು ಕಿವಿಯಿಂದ ತೆಗೆದು ಕಿಟಕಿಯತ್ತ ನೋಡಿದರು.

“ಇಲ್ಲಿ ಹತ್ತಿರ ಎಲ್ಲಿಯಾದರೂ ಭಜನೆ ಉಂಟಾ?”

“ಇಲ್ಲ ಡಾಕ್ಟ್ರೇ.”

ಮತ್ತೆ ಇಟ್ಟು ತುಂಬ ಹೊತ್ತು ಕೇಳಿದರು. ಆಮೇಲೆ ನನ್ನನ್ನು ಹೊರಗೆ ಕಳಿಸಿದರು.

ಚಿಕ್ಕಮ್ಮ ಈಗಲೂ ಇದ್ದಾರೆ, ಆ ಡಾಕ್ಟರ ಬಳಿಗೇ ಹೋಗುತ್ತಾರೆ. ಡಾಕ್ಟರು ಅವರ ಎದೆಗೆ ಸ್ಟೆತಸ್ಕೋಪ್ ಇಡುವುದಿಲ್ಲ; ಬೆರಳಿನಲ್ಲಿ ನಾಡಿ ಹಿಡಿದು ನೋಡುತ್ತಾರೆ, ಅಷ್ಟೇ.