ಅಕ್ಕನ ಕೈ ಹಿಡಿದವಳು

ಮಧ್ಯಾಹ್ನದ ಗಂಟೆ ಹೊಡೆದ ಕೂಡಲೇ ಕಾಂಪೌಂಡರ್ ದೇರಪ್ಪ ಔಷಧದ ಕೋಣೆಗೆ ಬೀಗ ಹಾಕಿ ಆಸ್ಪತ್ರೆಯ ಹಿಂಬದಿಗೆ ಹೋಗುತ್ತಿದ್ದ. ಮೂರು ದಿನ ಕಮಲ ಅದನ್ನು ನೋಡಿದಳು. ನಾಲ್ಕನೇ ದಿನ ಅವನ ಹಿಂದೆಯೇ ಹೋದಳು.

ಅವನು ನಿಂತಿದ್ದು ಸರಳಿನ ಕಿಟಕಿಯ ಮುಂದೆ. ಒಳಗಿದ್ದ ಹೆಂಗಸಿನ ಹಣೆಯ ಮೇಲಿನ ಕೂದಲನ್ನು ಮೆಲ್ಲನೆ ಹಿಂದಕ್ಕೆ ಸರಿಸುತ್ತಿದ್ದ.

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ ಅದು. ಮಡಿಕೇರಿಯ ಆ ಆಸ್ಪತ್ರೆಗೆ ನರ್ಸಿಂಗ್ ಕಲಿಯಲು ಬಂದಿದ್ದ ಹುಡುಗಿಯರೆಲ್ಲ ಆ ಕಿಟಕಿಯ ಕೋಣೆಯನ್ನು ‘ಹುಚ್ಚಿ ಕೋಣೆ’ ಎನ್ನುತ್ತಿದ್ದರು. ಗಂಜಿಯ ತಟ್ಟೆಯನ್ನು ಕಾಲಿನಿಂದಲೇ ಒಳಗೆ ತಳ್ಳಿ ಓಡಿಬರುತ್ತಿದ್ದರು. ಒಳಗಿನವಳ ಉಸಿರು ತಾಗಿದರೆ ತಮಗೂ ಹಾಗೇ ಆಗುತ್ತದಂತೆ. ಕಮಲಳೂ ಎರಡು ಸಲ ಕಾಲಿನಿಂದಲೇ ತಳ್ಳಿದ್ದಳು.

"ಯಾರು ಅವರು?"

ದೇರಪ್ಪ ತಿರುಗಿದ. ಮಿಕ್ಸ್ಚರ್ ಬಾಟಲಿ ಕೊಡುವಾಗ ಬೇಕೆಂದೇ ಅರೆಗಳಿಗೆ ಬಿಡದೆ ಹಿಡಿದು, ಕಮಲ ಕಣ್ಣೆತ್ತುವವರೆಗೂ ಕಾದು ನಗುತ್ತಿದ್ದ ಮುಖ. ಈಗ ಅದರಲ್ಲಿ ನಗುವಿರಲಿಲ್ಲ.

"ನನ್ನಕ್ಕ ಬೋಜಮ್ಮ. ಹೆರಿಗೆ ಆದ್ಮೇಲೆ ಹೀಗಾಯ್ತು. ಮಗು ಶ್ರೀಮಂಗಲದಲ್ಲಿ, ಭಾವನ ಮನೇಲಿದೆ. ಸೋಮವಾರ ಇವಳನ್ನ ಬೆಂಗಳೂರಿನ ಆಸ್ಪತ್ರೆಗೆ ಕಳಿಸ್ತಾರೆ."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನಿಮ್ಮಪ್ಪ ಫ್ರೇಜರ್‌ಪೇಟೆಯಿಂದ ಬಂದು ನಿಮ್ಮನ್ನ ಕರ್ಕೊಂಡು ಹೋಗ್ತಿದ್ರು. ನಮ್ಮ ಮನೆತನದ ರಕ್ತದಲ್ಲೇ ಇದೆ ಅಂತಾರೆ ಜನ." ಅವನೇ ಕೇಳಿದ, "ನಿಮಗೂ ಭಯ, ಅಲ್ವಾ?"

ಕಮಲ ಸರ್ರನೆ ವಾರ್ಡಿಗೆ ಹಿಂದಿರುಗಿದಳು. ಎರಡು ದಿನ ಔಷಧದ ಕೋಣೆಯ ಕಡೆ ಸುಳಿಯಲಿಲ್ಲ. "ಏನೇ, ಕಾಂಪೌಂಡರಿಗೂ ನಿನಗೂ ಟೂ ಆಯ್ತಾ?" ಎಂದು ಜೊತೆಗೆ ಕಲಿಯುತ್ತಿದ್ದ ವನಜ ಛೇಡಿಸಿದಾಗ ಕಣ್ಣು ತುಂಬಿ ಬಂತು.

ಶನಿವಾರ ಹಗಲಲ್ಲೇ ಮಂಜು ಇಳಿದು ಎದುರಿನ ವಾರ್ಡೂ ಕಾಣದಂತಾಯಿತು. ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. "ಹುಚ್ಚಿ ತಪ್ಪಿಸ್ಕೊಂಡಳು!" ಎಂದು ವನಜ ಕಿರುಚಿದ್ದೇ ತಡ, ಹುಡುಗಿಯರು ಹಾಸ್ಟೆಲ್ ಸೇರಿ ಚಿಲಕ ಹಾಕಿಕೊಂಡರು. ಅಟೆಂಡರ್ ಬೊಮ್ಮ ದೊಣ್ಣೆ ಹುಡುಕಿದ.

ಕಮಲ ಮಂಜಿನೊಳಗೆ ನಡೆದಳು. ಬೆನ್ನ ಹಿಂದೆ ಯಾರೋ ಬರುತ್ತಿರುವಂತೆ ಅನಿಸುತ್ತಿತ್ತು. ಬೋಜಮ್ಮ ಬಾವಿಕಟ್ಟೆಯ ಮೇಲೆ ಕೂತು, ಕಾಲುಗಳನ್ನು ಒಳಗೆ ಇಳಿಬಿಟ್ಟಿದ್ದಳು. ರವಿಕೆ ಹಾಲಿನಿಂದ ಒದ್ದೆಯಾಗಿತ್ತು.

"ಅಳ್ತಿದೆ," ಎಂದಳು ಒಳಕ್ಕೆ ಬಗ್ಗಿ. "ನಿನಗೆ ಕೇಳಲ್ವಾ?"

ತನ್ನನ್ನೂ ಎಳೆದುಕೊಂಡು ಬಿದ್ದರೆ? ಆದರೂ ಕಮಲ ಅವಳ ಕೈಯನ್ನು ಚಾಚಿ ಹಿಡಿದಳು. ಜ್ವರ ಬಂದಂತೆ ಸುಡುತ್ತಿತ್ತು. ಕಾಯಿಲೆಯವರ ಕೈ, ಅಷ್ಟೇ. ವಾರ್ಡಿನಲ್ಲಿ ದಿನವೂ ಹಿಡಿಯುವಂಥದ್ದು.

"ನನಗೆ ಕೇಳ್ತಿಲ್ಲ, ಅಕ್ಕ. ನಿಮಗೆ ಎಷ್ಟು ಸಂಕಟ ಆಗ್ತಿರ್ಬೇಕು. ಮಗು ಶ್ರೀಮಂಗಲದಲ್ಲಿ ಚೆನ್ನಾಗಿದೆ. ಈ ಕಡೆ ತಿರುಗಿ."

ಎಷ್ಟೋ ಹೊತ್ತಿನ ಮೇಲೆ ಒಂದು ಕಾಲು ಈಚೆ ಬಂತು. ಆಮೇಲೆ ಇನ್ನೊಂದು.

ಅಷ್ಟರಲ್ಲಿ ಬೊಮ್ಮ ದೊಣ್ಣೆ ಹಿಡಿದು ಓಡಿಬಂದ. ಅವನ ಹಿಂದೆ ದೇರಪ್ಪ, ದೂರದಲ್ಲಿ ಹುಡುಗಿಯರು.

"ಬಿಡಮ್ಮ ಅವಳನ್ನ!" ಬೊಮ್ಮ ಗದರಿದ. "ನಿನಗೇನಾಗ್ಬೇಕು ಅವಳು?"

ಕಮಲ ದೇರಪ್ಪನನ್ನು ನೋಡಿದಳು. ಈ ಸಲ ಕಣ್ಣು ತಗ್ಗಿಸಲಿಲ್ಲ. "ನಾದಿನಿ ಆಗ್ಬೇಕು. ದೊಣ್ಣೆ ಕೆಳಗಿಡಿ. ವನಜಾ, ಒಣಗಿದ ಬಟ್ಟೆ ತಾರೇ."

ದೇರಪ್ಪ ಬೊಮ್ಮನ ಕೈಯಿಂದ ದೊಣ್ಣೆ ಕಿತ್ತುಕೊಂಡ. ವನಜ ನಿಂತಲ್ಲೇ ನಿಂತಿದ್ದಳು. ಕೊನೆಗೆ ಬಟ್ಟೆ ತರಲು ಓಡಿದಳು.

ಸೋಮವಾರ ಬೆಳಗ್ಗೆ ಬೋಜಮ್ಮನ ಜಡೆ ಹೆಣೆದವಳು ವನಜಳೇ. ಉಸಿರು ತಾಗದಂತೆ ಮುಖ ಪಕ್ಕಕ್ಕೆ ತಿರುಗಿಸಿಕೊಂಡೇ ಹೆಣೆದಳು, ಆದರೆ ಅರ್ಧಕ್ಕೆ ಬಿಡಲಿಲ್ಲ. ಅಕ್ಕನ ಜೊತೆ ದೇರಪ್ಪನೂ ಹೊರಟಿದ್ದ.

"ವಾಸಿ ಆಗ್ದಿದ್ರೆ?" ಬಸ್ಸಿನ ಬಳಿ ಮೆಲ್ಲಗೆ ಕೇಳಿದ.

"ಆಗ್ದಿದ್ರೂ ಅವರು ನಮ್ಮಕ್ಕನೇ. ಅಪ್ಪನಿಗೆ ಎಲ್ಲಾ ಬರ್ದು ಕಾಗದ ಹಾಕಿದ್ದೀನಿ."

ಅವನ ಕಣ್ಣಲ್ಲಿ ನೀರಾಡಿತು. "ಕಾಯ್ತೀರಾ?"

"ಕಾಯಲ್ಲ. ನಾನೇ ಬರ್ತೀನಿ."

ಪರೀಕ್ಷೆ ಮುಗಿದ ಮರುದಿನವೇ ಕಮಲ ಬೆಂಗಳೂರಿನ ಬಸ್ಸು ಹತ್ತಿದಳು. ಅಪ್ಪನ ಉತ್ತರ ಆಗಲೂ ಬಂದಿರಲಿಲ್ಲ.